ನೆಲ, ಉಸಿರು

ಸೆರಗಿನ ಗಂಟು ಬಿಚ್ಚಲು ವೆಂಕಟರತ್ನಮ್ಮ ಹಲ್ಲು ಹಾಕಬೇಕಾಯಿತು. ಮುತ್ಯಾಲಮ್ಮ ಬದುಕಿದ್ದಾಗ ತಾನೇ ಹಾಕಿಕೊಂಡ ಗಂಟು; ಸತ್ತ ಮೇಲೂ ಸುಲಭಕ್ಕೆ ಬಿಟ್ಟುಕೊಡುವಂತೆ ಕಾಣಲಿಲ್ಲ. ಅಂಗಳದಲ್ಲಿ ನೀರು ಕಾದಿತ್ತು. ಮೀಯಿಸುವ ಮುಂಚೆ ಮೈಮೇಲಿನದೆಲ್ಲ ತೆಗೆಯಿರಿ ಎಂದು ಗಂಡಸರು ಹೊರಗಿನಿಂದ ಅವಸರ ಮಾಡುತ್ತಿದ್ದರು. ಗಂಟು ಕೊನೆಗೂ ಸಡಿಲಿತು. ಒಳಗೆ ಅರ್ಧ ಅಡಿಕೆ, ಹೊಗೆಸೊಪ್ಪಿನ ಚೂರು, ಮೊನೆ ಮುರಿದ ಒಂದು ಸೂಜಿ. ಅವಳು ಸೆರಗನ್ನು ಮತ್ತೆ ಮತ್ತೆ ಕೊಡವಿದಳು.

“ಏನೇ ಹುಡುಕ್ತಿದ್ದೀಯ ಅಷ್ಟೊಂದು?” ಎಂದಳು ಪಕ್ಕದ ಮನೆಯ ಮುನಿಶಾಮಮ್ಮ, ಸೀಗೆಪುಡಿ ಕಲಸುತ್ತ.

“ಎಲೆ ಕಣಕ್ಕ. ಒಂದೇ ಒಂದು ಎಲೆ ಅಂಟ್ಕೊಂಡಿದ್ರೂ ಸಾಕಾಗಿತ್ತು.”

“ಯಾವ ಎಲೆ?”

“ಯಾವ್ದು ಅಂತ ಗೊತ್ತಿದ್ರೆ ಹುಡುಕೋದ್ಯಾಕೆ?”

ಮುನಿಶಾಮಮ್ಮನ ಕೈ ಬೋಗುಣಿಯಲ್ಲೇ ನಿಂತಿತು. “ಅಯ್ಯೋ ಶಿವನೇ! ನಿಂಗೆ ಹೇಳ್ಲೇ ಇಲ್ವಾ ನಿಮ್ಮತ್ತೆ?”

ಟೇಕಲ್ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಯಾರ ಕಣ್ಣು ಹಳದಿಗೆ ತಿರುಗಿದರೂ ಮೊದಲು ಬಾಯಿಗೆ ಬರುತ್ತಿದ್ದುದು ಮುತ್ಯಾಲಮ್ಮನ ಹೆಸರು. ಕಾಮಾಲೆಗೆ ಅವಳು ಅರೆದು ಕೊಡುತ್ತಿದ್ದ ಸೊಪ್ಪು ಯಾವುದೆಂದು ಮಗನಿಗೂ ಗೊತ್ತಿರಲಿಲ್ಲ, ಸೊಸೆಗೂ ಗೊತ್ತಿರಲಿಲ್ಲ. ನಿನ್ನೆ ಬೆಳಗ್ಗೆ ಅವಳ ಜೀವ ಹೋಗಿತ್ತು. ಶ್ರೀನಿವಾಸಪುರದ ಕಡೆಯಿಂದ ತಂಗಿ ಬರಲೆಂದು ಹೆಣವನ್ನು ಒಂದು ರಾತ್ರಿ ಕಾದಿರಿಸಿದ್ದರು.

ಹೆಣದ ಮೇಲೆ ಮೊದಲ ತಂಬಿಗೆ ನೀರು ಬೀಳುವ ಹೊತ್ತಿಗೆ ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ತಂಗಿಯಲ್ಲ. ಕಮಾನು ಗಾಡಿಯಿಂದ ಒಬ್ಬ ನಡುವಯಸ್ಸಿನ ಹೆಂಗಸು ಇಳಿದಳು. ಒಳಗೆ ಹುಲ್ಲಿನ ಮೇಲೆ ಇನ್ನೊಬ್ಬಳು, ಎಳೆಯ ಬಾಣಂತಿ, ಮುದುರಿ ಮಲಗಿದ್ದಳು. ಇಳಿದವಳು ಅಂಗಳದ ಚಟ್ಟ ನೋಡಿದಳು, ತಮಟೆಯವರನ್ನು ನೋಡಿದಳು. ಗಾಡಿಯ ಮೂಕಿ ಹಿಡಿದುಕೊಂಡು ಹಾಗೇ ನಿಂತಳು.

“ಕಾಮಾಲೆ ಮದ್ದಿನ ಮುತ್ಯಾಲಮ್ಮನೋರ ಮನೆ…” ಎಂದಳು. ಮುಂದಿನ ಮಾತು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದಳು. “ಅವ್ರೇನಾ?”

“ಅವ್ರೇ,” ಎಂದ ಕೋದಂಡರಾಮಪ್ಪ. ಅವನು ಸತ್ತವಳ ಮೈದುನ, ಮನೆಗೆ ಹಿರಿಯ, ಸಾವುನೋವಿನ ಶಾಸ್ತ್ರವೆಲ್ಲ ಅವನ ಮಾತಿನಂತೆ ನಡೆಯಬೇಕು. “ಎಲ್ಲಿಂದ ಬಂದ್ರಿ?”

“ಹೋಳೂರು. ನಿನ್ನೆ ಹೊತ್ತು ಮುಳುಗೋ ಮುಂಚೆ ಗಾಡಿ ಕಟ್ಟಿದ್ವಿ. ಇವ್ಳು ನನ್ನ ಸೊಸೆ, ಮುನಿಯಲ್ಲಮ್ಮ. ಆಸ್ಪತ್ರೆಲೂ ತೋರ್ಸಿದ್ದೀವಿ ಸ್ವಾಮಿ, ಅವ್ರ ಮದ್ದೂ ಕೊಡ್ತಾ ಇದ್ದೀವಿ. ಇದನ್ನೂ ಒಂದು ಕೊಡ್ಸೋಣ ಅಂತ. ಊರಲ್ಲಿ ಬಿಟ್ಟು ಬಂದ ಮಗೂಗೆ ಹಾಲಿಲ್ಲ.”

“ಬಂದ ದಾರಿಗೆ ಸುಂಕ ಇಲ್ಲ, ವಾಪಸ್ ಹೊರಡಿ ತಾಯಿ. ಮದ್ದು ನಮ್ಮ ಅತ್ತಿಗೆ ಜೊತೆ ಹೋಯ್ತು. ಇದ್ದಿದ್ರೂ ಹನ್ನೊಂದು ದಿನ ಸೂತಕ. ಸೂತಕದ ಕೈ ಮುಟ್ಟಿದ ಮದ್ದು ಮದ್ದಲ್ಲ, ವಿಷ.”

ಆ ಹೆಂಗಸು, ಶಾಮಲಮ್ಮ ಅವಳ ಹೆಸರು, ಅಳಲಿಲ್ಲ. ಎತ್ತಿನ ಕೊರಳಿನ ಹಗ್ಗ ಬಿಚ್ಚಿದಳು. “ಎತ್ತು ನೀರು ಕುಡೀಲಿ ಸ್ವಾಮಿ. ರಾತ್ರಿಯೆಲ್ಲ ನಡೆದವೆ.”

ಒದ್ದೆ ಕೈಯಲ್ಲೇ ವೆಂಕಟರತ್ನಮ್ಮ ಹೊರಗೆ ಬಂದು ಗಾಡಿಯೊಳಗೆ ಬಗ್ಗಿ ನೋಡಿದಳು. ಬಾಣಂತಿಯ ಕಣ್ಣಿನ ಬಿಳುಪು ಅರಿಶಿನದಲ್ಲಿ ಅದ್ದಿದಂತಿತ್ತು. ಆ ಕಣ್ಣು ಇವಳನ್ನೇ ನೋಡುತ್ತಿತ್ತು.

“ಹೊಂಗೆ ಮರದ ಕೆಳಗೆ ಗಾಡಿ ಬಿಡಿ,” ಎಂದಳು ವೆಂಕಟರತ್ನಮ್ಮ. “ಹೋಗ್ಬೇಡಿ. ನಾನು ಹೇಳೋ ತನಕ ಹೋಗ್ಬೇಡಿ.”

“ಯಾವ ಬಲದ ಮೇಲೆ ಇರಿಸ್ಕೊಳ್ತಾ ಇದ್ದೀಯಮ್ಮ?” ಎಂದು ಕೋದಂಡರಾಮಪ್ಪ ಹಿಂದಿನಿಂದ ಕೇಳಿದ. ಅವಳು ಮೀಯಿಸಲು ಒಳಗೆ ಹೋದಳು.

*

ವೆಂಕಟರತ್ನಮ್ಮ ಮಾಲೂರಿನ ಪಡುವಣದ ಹಳ್ಳಿಯವಳು. ಅವಳ ತವರಿನಲ್ಲಿ ತೆಲುಗಿನ ಗಾಳಿಯೂ ಇರಲಿಲ್ಲ. ಮುತ್ಯಾಲಮ್ಮ ಹುಟ್ಟಿದ್ದು ಶ್ರೀನಿವಾಸಪುರದ ಆಚೆ, ಕನ್ನಡ ಬಲ್ಲವರನ್ನು ಹುಡುಕಬೇಕಾದ ಊರಿನಲ್ಲಿ. ಮದುವೆಯಾಗಿ ಬಂದು ಕನ್ನಡ ಕಲಿತಳು. ಬೈಯುವುದನ್ನೂ ಕನ್ನಡದಲ್ಲೇ ಕಲಿತಳು. ತೆಲುಗು ಅವಳ ಬಾಯಿಗೆ ಬರುತ್ತಿದ್ದುದು ತಂಗಿ ಬಂದಾಗ, ಮತ್ತೆ ಜ್ವರ ಬಂದಾಗ.

ಸೊಸೆ ಬಂದ ವರ್ಷದ ಮಳೆಗಾಲ. ರಾಗಿ ಹೊಲದಲ್ಲಿ ಅತ್ತೆ ಸೊಸೆ ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಹೊಸ ಸೊಸೆ ಕೈಚುರುಕು ತೋರಿಸುವ ಹುಮ್ಮಸ್ಸಿನಲ್ಲಿ ಸಾಲು ಮುಗಿಸಿ ಮೂಲೆಗೆ ಬಂದಳು. ಅಲ್ಲಿ ಮಾವನ ಮಣ್ಣಿನ ಗುಡ್ಡೆ ಇತ್ತು. ಅದರ ಸುತ್ತ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಕಳೆ ದಟ್ಟವಾಗಿ ಬೆಳೆದಿತ್ತು. ಅವಳು ಕೈ ಹಾಕಿದಳು.

“ಅಲ್ಲಿಗೆ ನಿಲ್ಸು,” ಎಂದಳು ಅತ್ತೆ.

“ಇಲ್ಲೇ ಅಲ್ವಾ ಅತ್ತೆ ಜಾಸ್ತಿ ಇರೋದು?”

“ಇರ್ಲಿ. ನಿಮ್ಮ ಮಾವ ಒಬ್ರೇ ಮಲಗವ್ರೆ. ಜೊತೇಗಿರ್ಲಿ.”

ಊರಿನವರು ಅದನ್ನು ನೋಡಿ ನಗುತ್ತಿದ್ದರು. ಗಂಡನ ತಲೆದೆಸೆಗೆ ಹೂವಿನ ಗಿಡ ಹಾಕುವವರುಂಟು, ಮುತ್ಯಾಲಮ್ಮ ಕಳೆ ಸಾಕ್ತಾಳೆ ಅಂತ. ಅತ್ತೆಗೆ ಆ ನಗು ಕೇಳಿಸುತ್ತಿತ್ತು. ಕೇಳಿಸಿದರೂ ಕೇಳಿಸದ ಹಾಗೆ ಬುಟ್ಟಿಯಿಂದ ಒಂದು ಗಿಡ ಎತ್ತಿ ಕಡ್ಡಿ ತಿರುಗಿಸಿ ನೋಡುತ್ತಿದ್ದಳು. “ಕೆಂಪು ಕಡ್ಡಿಯದು ಬೇಡ,” ಎಂದು ತನಗೆ ತಾನೇ ಹೇಳಿಕೊಂಡು ಎಸೆಯುತ್ತಿದ್ದಳು. ಯಾಕೆ ಬೇಡ, ಯಾವುದಕ್ಕೆ ಬೇಡ ಎಂದು ಸೊಸೆ ಕೇಳಲಿಲ್ಲ. ಕಳೆಯಲ್ಲಿ ಕೆಂಪೇನು ಹಸಿರೇನು?

ಮದ್ದಿಗೆ ಬಂದವರು ಉಳಿದ ಮರುದಿನ ಮಾತ್ರ ಅತ್ತೆ ಬೆಳಕು ಹರಿಯುವ ಮುಂಚೆ ಒಬ್ಬಳೇ ಹೋಗುತ್ತಿದ್ದಳು. ಹೋಗುವಾಗ ಬರುವಾಗ ಯಾರೂ ಮಾತಾಡಿಸಬಾರದು. ಬಂದು ಕೋಣೆಯ ಬಾಗಿಲು ಹಾಕಿಕೊಂಡರೆ ಅರೆಯುವ ಕಲ್ಲಿನ ಸದ್ದು ಮಾತ್ರ ಹೊರಗೆ. ಬಾಗಿಲು ತೆರೆದಾಗ ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಹಸಿರು ಉಂಡೆ. ಆಗತಾನೆ ಕರೆದ ಮೇಕೆ ಹಾಲಿನಲ್ಲಿ ಅದನ್ನು ಕದಡಿ, ಖಾಲಿ ಹೊಟ್ಟೆಗೆ ಕುಡಿಸುತ್ತಿದ್ದಳು. ಮೂರು ಬೆಳಗ್ಗೆ ಹೀಗೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯ ವಾಸನೆಯೂ ಮೂಗಿಗೆ ಬೀಳಬಾರದು. ಇಷ್ಟೂ ಸೊಸೆಗೆ ಬಾಯಿಪಾಠ. ಹಾಲು ಕರೆಯುತ್ತಿದ್ದವಳು ಅವಳೇ, ಪಥ್ಯದ ಗಂಜಿ ಕಾಯಿಸುತ್ತಿದ್ದವಳೂ ಅವಳೇ. ಗೊತ್ತಿಲ್ಲದ್ದು ಸೊಪ್ಪಿನ ಹೆಸರೊಂದೇ.

ಒಮ್ಮೆ ಕೇಳಿದ್ದಳು.

“ಹೆಸ್ರು ಗಾಳಿಗೆ ಬಿದ್ರೆ ಗುಣಾನೂ ಗಾಳಿಗೆ ಹೋಗ್ತದೆ,” ಎಂದಿದ್ದಳು ಮುತ್ಯಾಲಮ್ಮ. “ನಮ್ಮವ್ವನ ಅವ್ವ ಸಾಯೋ ದಿನ ನನ್ನ ಕಿವೀಲಿ ಹಾಕಿದ್ದು. ನಾನೂ ಅಷ್ಟೇ. ಹೇಳಿದ್ರೆ ನಿಂಗೇ ಹೇಳೋದು. ಕಾಯ್ತೀಯೇನೇ?”

“ಕಾಯ್ತೀನಿ ಅತ್ತೆ.”

ಹದಿನೆಂಟು ವರ್ಷ ಕಾದಳು. ನಿನ್ನೆ ಬೆಳಗ್ಗೆ ಅತ್ತೆ ಅವಳ ಕಿವಿಯನ್ನೇ ಹಿಡಿದು ಬಾಯಿಗೆ ಎಳೆದುಕೊಂಡಳು. ಕಿವಿ ಹಚ್ಚಿ, ತನ್ನ ಉಸಿರನ್ನೂ ಬಿಗಿಹಿಡಿದು ಕೇಳಿದಳು ಸೊಸೆ. ಬಂದದ್ದು ಎರಡೇ ಮಾತು. ನೆಲ. ಉಸಿರು. ಮತ್ತೆ ಅದೇ. ನೆಲ. ಉಸಿರು.

“ನೆಲಕ್ಕೆ ಇಳ್ಸಿ ಅಂತವ್ರೆ,” ಎಂದಳು ಗಂಡ ಚನ್ನರಾಯಪ್ಪನಿಗೆ. “ಉಸಿರು ಹೋಗ್ತಾ ಐತೆ ಅಂತವ್ರೆ.”

ಪ್ರಾಣ ಹೋಗುವವರನ್ನು ಮಂಚದ ಮೇಲೆ ಬಿಡಬಾರದು. ಗಂಡ ಹೆಂಡತಿ ಸೇರಿ ಎತ್ತಿ ನೆಲದ ಮೇಲೆ ಮಲಗಿಸಿದರು. ಕಿಟಕಿ ತೆರೆದರು. ಚನ್ನರಾಯಪ್ಪ ಮೊರದಿಂದ ಗಾಳಿ ಬೀಸಿದ. ಮುತ್ಯಾಲಮ್ಮ ತಲೆಯನ್ನು ಅತ್ತ ಇತ್ತ ಅಲ್ಲಾಡಿಸಿದಳು, ಅಲ್ಲ ಅಲ್ಲ ಎನ್ನುವ ಹಾಗೆ. ಆಮೇಲೆ ಅಲ್ಲಾಡಿಸಲಿಲ್ಲ.

*

ಆಂಜಿನಮ್ಮ ಬಂದಾಗ ಬಿಸಿಲು ಏರಿತ್ತು. ಶ್ರೀನಿವಾಸಪುರದಲ್ಲಿ ಸಣ್ಣ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ದೊಡ್ಡ ರೈಲಿಗಾಗಿ ಕಾದು, ಯುದ್ಧಕ್ಕೆ ಹೋಗುವ ಸಿಪಾಯಿಗಳ ನಡುವೆ ನಿಂತುಕೊಂಡೇ ಟೇಕಲ್‌ಗೆ ಬಂದಿದ್ದಳು. ಬೀದಿಯ ತುದಿಯಿಂದಲೇ ಅವಳ ಅಳು ಕೇಳಿಸಿತು.

“ನನ್ನೊದಿಲಿ ಪೋತಿವಾ ಅಕ್ಕಾ! ನನ್ನ ಬಿಟ್ಟು ಹೋದ್ಯಾ! ನಾನು ಬರೋ ತನ್ಕ ತಡೀಬಾರ್ದಾ! ಯಾವತ್ತೂ ನಿಂದು ಅವಸ್ರಾನೇ!”

ಹೆಣದ ಮುಂದೆ ಕೂತು ಎದೆ ಬಡಿದುಕೊಂಡಳು. ಅತ್ತು ಮುಗಿದ ಮೇಲೆ ಅಕ್ಕನ ಕುಂಕುಮವಿಲ್ಲದ ಹಣೆ ಒರೆಸಿ, ಕೂದಲು ಸರಿಮಾಡಿ, “ಯಾರೇ ಈ ಬೈತಲೆ ತೆಗ್ದೋರು? ಸೊಟ್ಟಗೆ ಐತೆ,” ಎಂದು ಬೈದಳು. ಮುನಿಶಾಮಮ್ಮ ನೀರು ತಂದುಕೊಟ್ಟಳು. ಆಂಜಿನಮ್ಮ ಗುಟುಕರಿಸಿ, ಸೊಸೆಯ ಮಂಡಿಯ ಮೇಲೆ ಕೈಯಿಟ್ಟಳು.

“ಹೆಂಗಾಯ್ತಮ್ಮ? ಕಷ್ಟ ಪಟ್ಲಾ?”

“ಇಲ್ಲ ಚಿಕ್ಕತ್ತೆ. ಮೂರು ದಿನದ ಜ್ವರ ಅಷ್ಟೇ. ಕೊನೇಲಿ ಮಾತೆಲ್ಲ ಕಲಸಿತ್ತು. ಅದು ಹೇಳ್ತಾರೆ, ಅದು ಹೇಳ್ತಾರೆ ಅಂತ ನಾನು ಕಿವಿ ಕೊಟ್ಟಿದ್ದೇ ಬಂತು.” ವೆಂಕಟರತ್ನಮ್ಮನ ದನಿ ಗಟ್ಟಿಯಾಗಿತ್ತು, ಆದರೆ ಕೈ ಸುಮ್ಮನೆ ಚಾಪೆಯ ಕಡ್ಡಿ ಮುರಿಯುತ್ತಿತ್ತು. “ನಂಬ್ಕೆ ಬರ್ಲಿಲ್ಲ ಅಂತ ಕಾಣುತ್ತೆ ನನ್ಮೇಲೆ. ಹೊರಗಿಂದ ಬಂದೋಳಲ್ವಾ.”

“ಹಂಗನ್ಬೇಡ. ಕೊನೇ ಮಾತು ಏನಂದ್ಲು?”

“ಅದೇ, ನೆಲಕ್ಕೆ ಇಳ್ಸಿ ಅಂದ್ರು. ಉಸಿರು ಉಸಿರು ಅಂದ್ರು.”

“ನೆಲಕ್ಕೆ ಇಳ್ಸಿ ಅಂತ ಅಂದ್ಲಾ?”

“ಇಳ್ಸಿ ಅನ್ಲಿಲ್ಲ. ನೇಲ… ಅಂತ ಎಳೆದ್ರು. ಆಮೇಲೆ ಉಸಿರಿ. ಮತ್ತೆ ನೇಲ, ಉಸಿರಿ.”

ಆಂಜಿನಮ್ಮ ಚೊಂಬನ್ನು ಕೆಳಗಿಟ್ಟಳು. “ಇನ್ನೊಂದ್ಸಾರಿ ಅನ್ನು. ಅವ್ಳು ಅಂದಂಗೇ ಅನ್ನು.”

“ನೇಲ… ಉಸಿರಿ.”

“ಒಸೇ ಪಿಚ್ಚಿದಾನಾ!” ಎಂದಳು ಆಂಜಿನಮ್ಮ. ಸಾವಿನ ಮನೆಯಲ್ಲಿ ಅವಳ ಮುಖದಲ್ಲಿ ನಗುವಿನಂಥದ್ದೊಂದು ಬಂದು, ಅಳುವಾಗಿ ಹೋಯಿತು. “ಅದು ಉಸಿರಲ್ವೇ ಹುಚ್ಚೀ! ಉಸಿರಿ! ನಿಮ್ಮ ನೆಲ್ಲಿಕಾಯಿಗೆ ನಾವು ಉಸಿರಿಕಾಯ ಅಂತೀವಲ್ಲ, ಅದು. ನೇಲ ಉಸಿರಿ ಅಂದ್ರೆ ಸಣ್ಣ ಗಿಡ, ಇಷ್ಟೇ ಇಷ್ಟು, ಗೇಣುದ್ದ. ಎಲೆ ಕೆಳಗೆ ಸಾಲಾಗಿ ಸಾಸಿವೆ ಥರ ಕಾಯಿ ಪೋಣಿಸಿರುತ್ತೆ. ಸಂಜೆಗೆ ಎಲೆ ಮುಚ್ಕೊಂಡು ನಿದ್ದೆ ಮಾಡುತ್ತೆ. ಚಿಕ್ಕೋರಿದ್ದಾಗ ಆ ಕಾಯಿ ಕಿತ್ತು ಗೊಂಬೆಗೆ ಅಡಿಗೆ ಮಾಡ್ತಿದ್ವಿ. ಅಜ್ಜಿ ಬೈಯೋಳು, ಅದ್ರಲ್ಲಿ ಆಟ ಆಡ್ಬೇಡ್ರೇ ಅಂತ…”

ಅಲ್ಲಿಗೆ ಅವಳಿಗೇ ಗೊತ್ತಾಯಿತು. ತಾನು ಹೇಳಿಬಿಟ್ಟ ಹೆಸರು ಯಾವುದು ಎಂದು ಗೊತ್ತಾಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ವೆಂಕಟರತ್ನಮ್ಮ ಅಲುಗಾಡಲಿಲ್ಲ. ನೆಲನೆಲ್ಲಿ. ರಾಗಿ ಹೊಲದ ಕಳೆ. ಹದಿನೆಂಟು ಮಳೆಗಾಲ ಅವಳೇ ಬುಟ್ಟಿಗಟ್ಟಲೆ ಕಿತ್ತು ತಿಪ್ಪೆಗೆ ಸುರಿದದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇದು ಹಿತ್ತಲಿಗೂ ಬರದೆ ಕಾಲ ಕೆಳಗೇ ಇತ್ತು. ಅತ್ತೆ ಹೇಳಿದ್ದಳು. ಕಿವಿ ಹಿಡಿದು, ತನ್ನ ಅಜ್ಜಿಯ ಬಾಯಿಂದ ಬಂದ ಮಾತನ್ನು ಬಂದ ಹಾಗೆಯೇ ಸೊಸೆಯ ಕಿವಿಗೆ ಹಾಕಿದ್ದಳು. ಅದನ್ನು ಕೇಳಿಸಿಕೊಂಡು ತಾವು ಅವಳನ್ನು ನೆಲಕ್ಕೆ ಹಾಕಿ, ಗಾಳಿ ಬೀಸಿದ್ದರು.

“ನಂಗೇ ಹೇಳಿದ್ರು,” ಎಂದಳು, ಯಾರಿಗೂ ಅಲ್ಲದ ಹಾಗೆ. ಮರುಗಳಿಗೆ ಎದ್ದು ನಿಂತಳು. ಈ ವಾರ ಊರಿಗೆ ಊರೇ ಎರಡನೆಯ ಕಳೆ ಮುಗಿಸಿತ್ತು. ಯಾರ ಹೊಲದಲ್ಲೂ ಒಂದು ಕಡ್ಡಿ ಉಳಿದಿರಲಾರದು, ಒಂದೇ ಒಂದು ಜಾಗ ಬಿಟ್ಟು.

“ಅಕ್ಕ, ಆವಲಪ್ಪ ಗುಂಡಿ ತೋಡೋಕೆ ಹೋಗಿ ಎಷ್ಟೊತ್ತಾಯ್ತು?”

“ಆಗ್ಲೇ ಹೋದ. ನಿಮ್ಮ ಮಾವನ ಪಕ್ಕದಲ್ಲೇ ಅಂತ…” ಮುನಿಶಾಮಮ್ಮ ಹೇಳಿ ಮುಗಿಸುವ ಮುಂಚೆ ವೆಂಕಟರತ್ನಮ್ಮ ಅಂಗಳ ದಾಟಿದ್ದಳು.

*

ಹೆಂಗಸರು ಕೆರೆ ಏರಿಯ ತನಕ ಮಾತ್ರ ಹೆಣದ ಜೊತೆ ಹೋಗುವುದು ಪದ್ಧತಿ. ಹೆಣ ಎತ್ತುವ ಮುಂಚೆಯೇ, ಸೊಸೆಯಾದವಳು ಒಬ್ಬಳೇ ಕೆದರಿದ ತಲೆಯಲ್ಲಿ ಏರಿ ದಾಟಿ ಓಡಿದ್ದನ್ನು ನೋಡಿ ದನ ಕಾಯುತ್ತಿದ್ದವರು ಎದ್ದು ನಿಂತರು.

ಗುಂಡಿಯಲ್ಲಿ ಆವಲಪ್ಪ ಸೊಂಟದ ಮಟ್ಟಕ್ಕೆ ಇಳಿದಿದ್ದ. ಊರಿನ ಅರ್ಧ ಜನಕ್ಕೆ ಹಾಸಿಗೆ ಹಾಸಿದವನು ತಾನೆಂದು ಹೇಳಿಕೊಳ್ಳುವ ಮುದುಕ. ಗುಂಡಿಯ ಅಂಚಿನಲ್ಲಿ ಚನ್ನರಾಯಪ್ಪ ಕೂತಿದ್ದ. ಹೆಂಡತಿಯನ್ನು ನೋಡಿ ಗಾಬರಿಯಿಂದ ಎದ್ದ.

“ಏನಮ್ಮ, ಅಳತೆ ನೋಡೋಕೆ ಬಂದ್ಯಾ?” ಎಂದ ಆವಲಪ್ಪ. “ನಿಮ್ಮತ್ತೆಗೆ ಸರೀಗೈತೆ. ಕಾಲು ಚಾಚ್ಬೋದು.”

“ಗುದ್ದಲಿ ನಿಲ್ಸಿ ಮಾವ. ಮಣ್ಣು ಆ ಕಡೆ ಹಾಕ್ಬೇಡಿ.”

“ಎಲ್ಲಿ ಹಾಕ್ಲಿ, ತಲೆ ಮೇಲೆ ಹೊತ್ಕೊಳ್ಲಾ?”

ಅವಳು ಮಾತಾಡದೆ ಬಗ್ಗಿದಳು. ಮಾವನ ಗುಡ್ಡೆಯ ಈಚೆಯ ಬದಿಯ ಕಳೆಯೆಲ್ಲ ಗುದ್ದಲಿಗೆ ಸಿಕ್ಕಿ ಕೆಂಪು ಮಣ್ಣಿನಡಿ ಸೇರಿತ್ತು. ಆಚೆ ಬದಿಯಲ್ಲಿ ಒಂದು ಪಟ್ಟಿ ಉಳಿದಿತ್ತು, ಮೊರದಗಲ. ಮಣ್ಣಿನ ರಾಶಿ ಅದರ ಅಂಚನ್ನು ಮುಟ್ಟಿ ಉರುಳುತ್ತಿತ್ತು. ಮುಟ್ಟದೆ, ಮಂಡಿಯೂರಿ ನೋಡಿದಳು. ಗೇಣುದ್ದದ ಗಿಡ. ಎರಡು ಕಡೆ ಹುಣಿಸೆಯಂಥ ಪುಟ್ಟ ಎಲೆ. ಅದರ ಬೆನ್ನಿಗೆ ಸಾಲಾಗಿ ಸಾಸಿವೆಯಂಥ ಕಾಯಿ. ಕಡ್ಡಿ ಹಸಿರು. ಪಕ್ಕದಲ್ಲೇ ಇನ್ನೊಂದು, ಅದೇ ಎಲೆ, ಅದೇ ಎತ್ತರ, ಕಡ್ಡಿ ಕೆಂಪು. ಕೆಂಪು ಕಡ್ಡಿಯದು ಬೇಡ.

“ಏನ್ ರತ್ನ?” ಎಂದ ಚನ್ನರಾಯಪ್ಪ.

“ನಿನ್ನೆ ಅತ್ತೆ ನೆಲಕ್ಕೆ ಇಳ್ಸಿ ಅನ್ಲಿಲ್ಲ. ನೇಲ ಉಸಿರಿ ಅಂದ್ರು. ಚಿಕ್ಕತ್ತೆ ಈಗ ಬಿಡಿಸಿ ಹೇಳಿದ್ರು.”

ಚನ್ನರಾಯಪ್ಪನಿಗೆ ಸಂತೆಯಲ್ಲಿ ಮಾತಾಡುವಷ್ಟು ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಉಸಿರಿಕಾಯ ಅವನು ಎಷ್ಟು ಸಲ ಕೊಂಡಿದ್ದನೋ. ತಾಯಿಯ ಬಾಯಿಯಿಂದ, ಆ ಗಳಿಗೆಯಲ್ಲಿ, ಅವನಿಗೂ ಕೇಳಿಸಿದ್ದು ಉಸಿರೇ. ಅವನು ಗಿಡವನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಒಂದು ಬುಟ್ಟಿ ತೆಗೆದುಕೊಂಡು, ಉರುಳುತ್ತಿದ್ದ ಮಣ್ಣನ್ನು ಗೋರಿ ತಾನೇ ಬೇರೆ ಕಡೆಗೆ ಸುರಿಯತೊಡಗಿದ.

ಅಷ್ಟರಲ್ಲಿ ಕೋದಂಡರಾಮಪ್ಪ ಏದುಸಿರು ಬಿಡುತ್ತ ಬಂದ. ಅವನ ಹಿಂದೆ, ಯಾರೂ ಕರೆಯದಿದ್ದರೂ, ಹೋಳೂರಿನ ಶಾಮಲಮ್ಮ.

“ನಗೆಪಾಟಲು ಮಾಡ್ತಿದ್ದೀಯೇನಮ್ಮ ಮನೆತನಾನ? ಹೆಣ ಅಂಗಳದಲ್ಲಿ, ಸೊಸೆ ಹೊಲದಲ್ಲಿ!”

“ಸೊಪ್ಪು ಸಿಕ್ತು ಮಾವ.”

“ಸಿಕ್ರೆ? ನೀನು ಕೀಳ್ತೀಯಾ? ನಿನ್ನ ಕೈಗೆ ಸೂತಕ. ಮನೇಲಿ ಕಲ್ಲು ಮುಟ್ಟಂಗಿಲ್ಲ. ಒಲೆ ಹಚ್ಚಂಗಿಲ್ಲ. ಹನ್ನೊಂದು ದಿನ ಕಳೀಲಿ.”

“ಹನ್ನೊಂದು ದಿನ ಆ ಬಾಣಂತಿ ಇರ್ತಾಳಾ?” ವೆಂಕಟರತ್ನಮ್ಮನ ಮಾತಿನಲ್ಲಿ ಬಿರುಸಿರಲಿಲ್ಲ, ಹೊಲದ ಸಾಲು ಅಳೆಯುವವಳ ಹಾಗೆ ಕೇಳಿದಳು. “ನಾನು ಮುಟ್ಟಲ್ಲ ಮಾವ. ಸೂತಕ ನಂಗೆ, ಇವ್ರಿಗಿಲ್ಲ. ಶಾಮಲಮ್ಮನೋರು ಕೀಳ್ತಾರೆ, ಮುನಿಶಾಮಕ್ಕನ ಮನೆ ಕಲ್ಲಲ್ಲಿ ಅವ್ರೇ ಅರೀತಾರೆ. ಹಾಲು ಮುನಿಶಾಮಕ್ಕನ ಮೇಕೇದು. ನಾನು ದೂರ ಕೂತು ಬಾಯಲ್ಲಿ ಹೇಳ್ತೀನಿ.”

“ಬಾಯಲ್ಲಿ ಹೇಳ್ತೀಯಾ!” ಕೋದಂಡರಾಮಪ್ಪ ನಿಜವಾಗಿ ಬೆಚ್ಚಿದ. “ಹೊರಗಿನೋರಿಗೆ? ಹೆಸ್ರು ಹೇಳಿದ್ರೆ ಗುಣ ಹೋಗ್ತದೆ ಅಂತ ನಮ್ಮ ಅತ್ತಿಗೆ ನಂಗೇ ಹೇಳ್ಲಿಲ್ಲ, ಮಗನಿಗೂ ಹೇಳ್ಲಿಲ್ಲ. ಸೂತಕ ಪಾಲ್ಸೋಕೆ ಹೋಗಿ ಮದ್ದನ್ನೇ ಕೊಲ್ತೀಯಲ್ಲ!”

ಅವನ ಮಾತು ಸುಳ್ಳಲ್ಲ. ಅವಳಿಗೂ ಅದೇ ಹೆದರಿಕೆ. ತಾನೇ ಕಿತ್ತರೆ ಸೂತಕ. ಬೇರೆಯವರಿಂದ ಕೀಳಿಸಿದರೆ ಗುಟ್ಟು ಒಡೆದ ಹಾಗೆ. ಎರಡನ್ನೂ ಪಾಲಿಸಿದರೆ ಹೊಂಗೆ ಮರದಡಿಯ ಆ ಹಳದಿ ಕಣ್ಣು ಉಳಿಯದು.

ಅವಳು ಗುಂಡಿಯ ಕಡೆ ನೋಡಿದಳು. ಅತ್ತೆಯ ಹಾಸಿಗೆ. ಆ ತಲೆ ಅತ್ತ ಇತ್ತ ಅಲ್ಲಾಡಿದ್ದು ಕಣ್ಣಿಗೆ ಕಟ್ಟಿತು.

“ನಿನ್ನೆ ಒಂದೇ ಕಿವೀಲಿ ಹೇಳಿದ್ರು ಮಾವ. ಆ ಕಿವಿ ಉಸಿರು ಅಂತ ಕೇಳಿಸ್ಕೊಳ್ತು. ಚಿಕ್ಕತ್ತೇಗೆ ರೈಲು ತಪ್ಪಿದ್ದಿದ್ರೆ, ಇವತ್ತು ಸಂಜೆಗೆ ಅತ್ತೆನೂ ಮಣ್ಣಿಗೆ, ಗಿಡಾನೂ ಮಣ್ಣಿಗೆ. ಗುಟ್ಟಿಗೆ ಗುಣ ಇರ್ಬೋದು. ಒಂದೇ ಕಿವಿಗೆ ಜೋತು ಬಿದ್ದ ಗುಣ ನಂಗೆ ಬೇಡ.”

“ಗುಣ ಹೋದ್ರೆ?”

“ಹೋದ್ರೆ ನನ್ನಿಂದ ಹೋಯ್ತು ಅನ್ನಿ. ನನ್ನ ಹೆಸ್ರಿಗೇ ಹಾಕಿ.”

ಅವಳು ಶಾಮಲಮ್ಮನ ಕಡೆ ತಿರುಗಿದಳು. ಗುಂಡಿಯೊಳಗಿನ ಆವಲಪ್ಪನಿಗೂ, ಏರಿಯ ಮೇಲೆ ನಿಂತ ದನಗಾಹಿಗಳಿಗೂ ಕೇಳುವ ಹಾಗೆ ಹೇಳಿದಳು:

“ಇದ್ರ ಹೆಸ್ರು ನೆಲನೆಲ್ಲಿ. ನಮ್ಮತ್ತೆ ಕಡೆಯೋರು ನೇಲ ಉಸಿರಿ ಅಂತಾರೆ. ಹಸಿರು ಕಡ್ಡಿಯದು ತಗೋಬೇಕು. ಕೆಂಪು ಕಡ್ಡಿಯದು ಬೇಡ.”

ಗಾಳಿ ಬೀಸುತ್ತಲೇ ಇತ್ತು. ರಾಗಿ ಪೈರಿನ ಎಳೆಯ ಗರಿಗಳು ಒಂದೇ ಕಡೆಗೆ ಬಾಗಿ ಎದ್ದವು.

“ಇದಾ?” ಎಂದ ಆವಲಪ್ಪ ಗುಂಡಿಯ ಅಂಚಿಗೆ ಗಲ್ಲ ಊರಿ. “ಇದು ಕಳೆ ಅಲ್ವಾ? ಅಯ್ಯಪ್ಪಾ! ಬುದ್ದೀ, ಆವತ್ತು ನಿಮ್ಮ ಕಣ್ಣು ಚೆಂಡುಹೂವಾಗಿದ್ದಾಗ ಕಣ್ಣು ಮುಚ್ಕೊಂಡು, ಮೂಗು ಹಿಡ್ಕೊಂಡು ಕುಡಿದ್ರಲ್ಲ, ಹಿಮಾಲಯದ ಬೇರು ಅಂತ ಊರೆಲ್ಲ ಹೇಳ್ಕೊಂಡು ಬಂದ್ರಲ್ಲ, ಇದೇನಾ ಅದು?”

ಕೋದಂಡರಾಮಪ್ಪ ಅವನನ್ನು ದುರುಗುಟ್ಟಿ ನೋಡಿದ. “ಗುಂಡಿ ಮುಗ್ಸೋ ಕೆಲ್ಸ ನೋಡೋ,” ಎಂದ. ಹೋಗುವ ಮುಂಚೆ ಮಾತ್ರ ಶಾಮಲಮ್ಮನ ಮುಂದೆ ನಿಂತು, ಅವಳ ಮುಖ ನೋಡದೆ ಹೇಳಿದ: “ಮಣ್ಣಾಗೋ ತನಕ ಯಾರೂ ಏನೂ ಕೀಳೋ ಹಾಗಿಲ್ಲ. ಅದು ನಮ್ಮ ಅತ್ತಿಗೆ ಜಾಗ. ಮೊದ್ಲು ಅವ್ರು ಮಲಗ್ಲಿ.”

ಬೇಡ ಎಂದು ಅವನು ಹೇಳಲಿಲ್ಲ. ವೆಂಕಟರತ್ನಮ್ಮ ಅದನ್ನು ಗಮನಿಸಿದಳು.

*

ಹೆಣ ಎತ್ತಿದಾಗ ಹೊತ್ತು ಇಳಿಮುಖವಾಗಿತ್ತು. ತಮಟೆ ಮುಂದೆ, ಚಟ್ಟ ಹಿಂದೆ. ಕೆರೆ ಏರಿಯಲ್ಲಿ ಹೆಂಗಸರು ನಿಂತರು. ಆಂಜಿನಮ್ಮ ಮಾತ್ರ ನಿಲ್ಲಲಿಲ್ಲ. ವೆಂಕಟರತ್ನಮ್ಮನ ತೋಳು ಹಿಡಿದು ನಡೆದೇಬಿಟ್ಟಳು. “ನನ್ನ ಅಕ್ಕನ್ನ ಮಲಗ್ಸೋದು ನಾನು ನೋಡ್ತೀನಿ, ಯಾರಡ್ಡ ಬರ್ತಾರೋ ಬರ್ಲಿ,” ಎಂದಳು. ಯಾರೂ ಅಡ್ಡ ಬರಲಿಲ್ಲ. ಶಾಮಲಮ್ಮ ಒದ್ದೆ ಬಟ್ಟೆಯೊಂದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ದೂರದಿಂದ ಬಂದಳು.

ಮುತ್ಯಾಲಮ್ಮನನ್ನು ಗಂಡನ ಪಕ್ಕದಲ್ಲಿ ಇಳಿಸಿದರು. ಬಾಯಿಗೆ ಅಕ್ಕಿ ಹಾಕಿದರು. ಚನ್ನರಾಯಪ್ಪ ಮೂರು ಹಿಡಿ ಮಣ್ಣು ಹಾಕಿದ, ಉಳಿದವರು ಹಾಕಿದರು. ವೆಂಕಟರತ್ನಮ್ಮ ತನ್ನ ಹಿಡಿಮಣ್ಣನ್ನು ಹಾಕುವ ಮುಂಚೆ ಬೆರಳಲ್ಲಿ ಆಡಿಸಿ ನೋಡಿದಳು. ಅದರಲ್ಲಿ ಕಿತ್ತುಹೋದ ಗಿಡದ ಬೇರೊಂದಿತ್ತು. ಅದನ್ನೂ ಸೇರಿಸಿಯೇ ಹಾಕಿದಳು.

ಗುಂಡಿ ಮುಚ್ಚಿ ಗುಡ್ಡೆ ಏರಿತು. ಉಳಿದ ಪಟ್ಟಿಯ ಮೇಲೆ ಒಂದು ಹೆಂಟೆಯೂ ಬಿದ್ದಿರಲಿಲ್ಲ.

“ಈಗ,” ಎಂದಳು ವೆಂಕಟರತ್ನಮ್ಮ, ಕೈಕಟ್ಟಿ ದೂರ ನಿಂತು. “ಬಗ್ಗಿ. ಬುಡ ಹಿಡೀರಿ. ಒಂದು ಬೆಳಗ್ಗೆಗೆ ಎಷ್ಟು ಬೇಕೋ ಅಷ್ಟೇ. ನಾಳೆ ನಾಡಿದ್ದರದ್ದು ಇಲ್ಲೇ ಇರ್ಲಿ. ಬೀಜ ಬಲಿತಿರೋ ಒಂದೆರಡು ಬಿಟ್ಬಿಡಿ.”

ಶಾಮಲಮ್ಮ ಮಂಡಿಯೂರಿದಳು. ಕೈ ಚಾಚಿದವಳು ತಡೆದಳು. “ಗಿಡ ಮಲಗಿದ್ರೆ ಎಬ್ಬಿಸ್ಬಾರ್ದು ಅಂತಾರಲ್ಲ ತಾಯಿ. ಇನ್ನೂ ಎಚ್ಚರ ಇದ್ದಾವಾ?”

ಹೊತ್ತು ಬೆಟ್ಟದ ನೆತ್ತಿ ಮುಟ್ಟಿತ್ತು. ಎಲೆಗಳು ಇನ್ನೂ ಬಿಚ್ಚಿಕೊಂಡೇ ಇದ್ದವು, ತುದಿಯ ಎಲೆಗಳು ಮಾತ್ರ ಒಂದನ್ನೊಂದು ನೋಡತೊಡಗಿದ್ದವು.

“ಎಚ್ಚರ ಇದ್ದಾವೆ. ಬೇಗ ಕೇಳಿ.”

“ಏನಂತ ಕೇಳ್ಲಿ?”

“ಹೆಸ್ರಿಟ್ಟು ಕೂಗಿ. ನೆಲನೆಲ್ಲಿ ತಾಯಿ, ನನ್ನ ಸೊಸೆಗೆ ಬೇಕು, ಬಾ ಅನ್ನಿ.”

ಶಾಮಲಮ್ಮ ಹಾಗೆಯೇ ಅಂದಳು, ಮೆಲ್ಲಗೆ. ಆಂಜಿನಮ್ಮ ಪಕ್ಕದಲ್ಲಿ ಕೂತು ಅದನ್ನೇ ತೆಲುಗಿನಲ್ಲಿ ಅಂದಳು, “ಯಾವ್ದು ಅರ್ಥ ಆಗುತ್ತೋ ಏನೋ ಅದಕ್ಕೆ,” ಎಂದು ಮೂಗೊರೆಸಿಕೊಂಡಳು.

ಗಂಡಸರು ಹೊರಡಲು ಎದ್ದಿದ್ದರು. ಮಣ್ಣು ಮಾಡಿ ಹೊರಟವರು ತಿರುಗಿ ನೋಡಬಾರದು. ಕೋದಂಡರಾಮಪ್ಪ ಎಲ್ಲರಿಗಿಂತ ಮುಂದೆ, ಎದೆ ಸೆಟೆಸಿ, ಹೊಲದ ಬದುವಿನ ಕಡೆಗೆ ಕಾಲಿಟ್ಟ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಹೆಜ್ಜೆ ಬೀಳಬೇಕಿದ್ದ ಕಡೆ ಒಂಟಿ ಗಿಡವೊಂದು ಗೇಣುದ್ದ ನಿಂತಿತ್ತು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ, ಅದರ ಕಡ್ಡಿಯನ್ನು ನೋಡಿದ. ಆಮೇಲೆ ಪಂಚೆಯ ಅಂಚನ್ನು ಎತ್ತಿ ಹಿಡಿದು, ಕಾಲನ್ನು ಆಚೆಗೆ ಇಟ್ಟ.

ಹಿಂದೆ ಬಂದ ಚನ್ನರಾಯಪ್ಪನೂ ಅಲ್ಲಿ ಬಳಸಿ ನಡೆದ. ಅವನ ಹಿಂದಿನವನೂ. ಆವಲಪ್ಪ ಗುದ್ದಲಿಯನ್ನು ಹೆಗಲಿಗೇರಿಸಿ, ತುದಿಗಾಲಲ್ಲಿ, ನೀರು ತುಂಬಿದ ಕೊಡ ಹೊತ್ತವನ ಹಾಗೆ ದಾಟಿದ. ಊರಿನ ಗಂಡಸರೆಲ್ಲ ತಲೆ ತಗ್ಗಿಸಿ, ಒಬ್ಬರ ಹಿಂದೊಬ್ಬರು, ನೆಲವನ್ನೇ ನೋಡಿಕೊಂಡು ಸೊಟ್ಟಸೊಟ್ಟಗೆ ನಡೆದು ಹೋಗುತ್ತಿದ್ದರು.